ಬೆಳ್ಳಗೆ ಕಂಡದ್ದು

"ಹೋದ ವರ್ಷ ಹೀಗಿರಲಿಲ್ಲ," ಎಂದು ಡಾಕ್ಟರ್ ಷೈನಿ ಪರದೆಯನ್ನು ಇತ್ತ ತಿರುಗಿಸಿದರು. ಆಗ ಕಪ್ಪಗಿದ್ದ ಚಿತ್ರದಲ್ಲಿ ಈಗ ಎರಡೂ ಸ್ತನಗಳ ತುಂಬ ಬಿಳುಪು ಹರಡಿತ್ತು. ಎಡಗಡೆಯ ಒಂದು ಚುಕ್ಕೆ ಮಾತ್ರ ಕೊಂಚ ದೊಡ್ಡದು.

ತೇನ್‌ಮೊಳಿಯ ತಾಯಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಅದಕ್ಕೇ ಮಗಳಿಗೆ ವರ್ಷಕ್ಕೊಮ್ಮೆ ನಾಗರಕೋವಿಲಿನಲ್ಲಿ ಈ ಎಂಆರ್‌ಐ ಸ್ಕ್ಯಾನ್. ಗಂಡ ಲಾರಿಯ ಜೊತೆ ದೂರ ಹೋಗಿದ್ದರಿಂದ ಈ ಸಲ ಅತ್ತೆ ಪೇಚಿಯಮ್ಮಾಳ್ ಬಂದಿದ್ದಳು.

"ಹಾರ್ಮೋನ್ ಮಾತ್ರೆ, ಮಗು ಆಗದ ಹಾಗೆ ಹಾಕೋ ವಂಕಿ, ಏನಾದ್ರೂ ಇದೆಯಾಮ್ಮ?"

"ಅಂಥದ್ದೆಲ್ಲ ನಮ್ಮನೇಲಿಲ್ಲ ಡಾಕ್ಟ್ರಮ್ಮ," ಅತ್ತೆಯೇ ಹೇಳಿದಳು. "ಇನ್ನೊಂದು ಮಗು ಆಗ್ಲಿ ಅಂತ ಕಾಯ್ತಿದೀವಿ."

"ಹಾಗಾದ್ರೆ ಸೂಜಿ ಚುಚ್ಚಿ ಚೂರು ತೆಗೆದು ನೋಡಬೇಕಾಗಬಹುದು."

ಅತ್ತೆ ಸೊಸೆಯ ಕೈಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅದನ್ನು ನೋಡುತ್ತ ತೇನ್‌ಮೊಳಿಗೆ ಸುಳ್ಳು ಉಳಿಸಿಕೊಳ್ಳಲಾಗಲಿಲ್ಲ.

"ವಂಕಿ ಇದೆ ಡಾಕ್ಟ್ರೇ. ಹಾರ್ಮೋನಿಂದು."

ಅತ್ತೆಯ ಹಿಡಿತ ಸಡಿಲವಾಯಿತು.

ಡಾಕ್ಟರ್ ಬೈಯಲಿಲ್ಲ. ಆ ದೊಡ್ಡ ಚುಕ್ಕೆಯ ಜಾಗವನ್ನು ಆಗಲೇ ಅಲ್ಟ್ರಾಸೌಂಡಿನಲ್ಲಿ ನೋಡಿದರು. "ಇದು ಬರೀ ನೀರುಗುಳ್ಳೆ. ಉಳಿದ ಬಿಳುಪು ಹಾರ್ಮೋನಿಂದಲೂ ಬಂದಿರಬಹುದು. ಅಂದ್ರೆ ರೋಗ ಅಂತಲ್ಲ. ಆದ್ರೆ ನಮಗೆ ಹೇಳದಿದ್ರೆ ನಾವು ದಾರಿ ತಪ್ತೀವಿ. ಆರು ತಿಂಗಳಿಗೆ ಮತ್ತೆ ಬನ್ನಿ."

ಬಸ್‌ಸ್ಟ್ಯಾಂಡಿನ ಹೋಟೆಲಿನವರೆಗೂ ಪೇಚಿಯಮ್ಮಾಳ್ ಸೊಸೆಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು: "ಯಾವಾಗ ಹಾಕಿಸ್ಕೊಂಡೆ?"

"ಹೋದ ವರ್ಷದ ಸ್ಕ್ಯಾನ್ ಆದ್ಮೇಲೆ ಅತ್ತೆ. ಪಾಪು ಆಗ್ಲೇ ಹಾಲು ಬಿಟ್ಟಿತ್ತು."

"ಅವನಿಗೆ ಗೊತ್ತಾ?"

"ಅವರೇ ಕರ್ಕೊಂಡು ಹೋಗಿದ್ದು."

"ಕಳ್ಳ ನನ್ ಮಗ! ನನ್ ಮುಂದೆ ಮಾತ್ರ 'ದೇವರು ಕೊಟ್ಟಾಗ' ಅಂತಿದ್ದ."

"ಅಮ್ಮ ಹೋದಾಗ ನನ್ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ ಅತ್ತೆ. ರಾತ್ರಿಯೆಲ್ಲ ನನ್ ಫ್ರಾಕು ಚೀಪ್ತಾ ಅಳೋನು. ಇನ್ನೊಂದು ಮಗೂಗೆ ಹಾಗಾಗೋದು ಬೇಡ ಅನ್ನಿಸ್ತು."

ಅತ್ತೆ ರಸ್ತೆಯ ಕಡೆ ನೋಡಿದಳು. ಕನ್ಯಾಕುಮಾರಿಯ ಬಸ್ಸು ಬಂತು, ತುಂಬಿಕೊಂಡು ಹೋಯಿತು.

"ನಿಂಗೆ ಮಗು ಆಗ್ಲಿ ಅಂತ ಪ್ರತಿ ಷಷ್ಠಿ ಹೊಟ್ಟೆ ಕಟ್ಕೊಂಡು ಕೂತಿದ್ನಲ್ಲೇ. ಇವತ್ತೂ ಬೆಳಗಿಂದ ಬರೀ ನೀರು. ನೀನು ಬಾಯ್ಬಿಟ್ಟಿದ್ರೆ ಒಂದ್ ತುತ್ತು ಅನ್ನ ಆದ್ರೂ ತಿಂತಿದ್ದೆ."

ತೇನ್‌ಮೊಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಪೇಚಿಯಮ್ಮಾಳ್ ಒಳಗಿನವನನ್ನು ಕೂಗಿ ಎರಡು ತಟ್ಟೆ ಒತ್ತುಶ್ಯಾವಿಗೆಯಂಥ ಇಡಿಯಾಪ್ಪಂ ತರಿಸಿದಳು. ಮುಂದೆ ಬಂದ ತಟ್ಟೆಯನ್ನು ಒಂದು ಗಳಿಗೆ ನೋಡುತ್ತ ಕೂತಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ತೆಂಗಿನಹಾಲನ್ನು ಮೊದಲು ಸೊಸೆಯ ತಟ್ಟೆಗೆ ಸುರಿದಳು.