ಮೂರು ಬೆರಳಿನ ಕಲೆ

ಆ ಸೋಮವಾರ ಕೊಳ್ಳೇಗಾಲದ ಶಿಶು ಅಭಿವೃದ್ಧಿ ಆಫೀಸಿನಲ್ಲಿ ಶಾಗ್ಯದ ಶಿವಮಲ್ಲಪ್ಪ ಕೂಗಿದ ಕೂಗಿಗೆ ಪಕ್ಕದ ಕೋಣೆಯ ಟೈಪಿಸ್ಟು ಕೆಲಸ ಬಿಟ್ಟು ಎದ್ದು ಬಂದಿದ್ದಳು.

"ಕಳ್ತನ ಕಣ್ರಿ ಇದು! ಕಣ್ಮುಂದೇನೇ ಕಳ್ತನ! ಅಂಕ ಅಳಿಸಿ ತಿದ್ದವ್ರೆ, ನೋಡಿ ಮೇಡಮ್ಮ!"

ಅವನು ಬೆರಳು ತೋರಿಸುತ್ತಿದ್ದುದು ಮೇಜಿನ ಮೇಲಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಅದು ಅದೇ ಊರಿನ ಮಾದುವಿನ ಮಗಳು ದೀಪಳದು. ಶಾಗ್ಯಕ್ಕೆ ಹೊಸದಾಗಿ ಒಂದು ಅಂಗನವಾಡಿ ಮಂಜೂರಾಗಿತ್ತು. ಮಕ್ಕಳನ್ನು ನೋಡಿಕೊಳ್ಳಲು ಊರಿನವಳೇ ಒಬ್ಬ ಕಾರ್ಯಕರ್ತೆ ಬೇಕಿತ್ತು. ಹತ್ತನೇ ತರಗತಿಯಲ್ಲಿ ಯಾರಿಗೆ ಅಂಕ ಹೆಚ್ಚೋ ಅವಳಿಗೆ ಕೆಲಸ. ಪಟ್ಟಿಯಲ್ಲಿ ಮೊದಲ ಹೆಸರು ದೀಪಳದು, ಅದರ ಕೆಳಗೆ ಶಿವಮಲ್ಲಪ್ಪನ ಮಗಳು ಶಿವರಂಜನಿಯದು.

ದೀಪಳ ಅಂಕಪಟ್ಟಿಯಲ್ಲಿ ಗಣಿತದ ಅಂಕದ ಮೇಲೆ, ಹುಣಸೆ ಬೀಜದಷ್ಟು ದೊಡ್ಡದಾಗಿ ಒಂದು ಕಂದು ಕಲೆ ಬಿದ್ದಿತ್ತು. ಅಧಿಕಾರಿ ಮೇಡಂ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಆಕೆಯ ಮುಖ ಗಂಟಾಯಿತು.

"ಇದು ಅಂಗಡೀಲಿ ಸಿಗೋ ಕಾಗದ ಅಲ್ಲಮ್ಮ," ಎಂದರು ದೀಪಳಿಗೆ. "ಯಾರಾದರೂ ಅಂಕ ಅಳಿಸೋಕೆ ಅಂತ ಔಷಧ ಹಚ್ಚಿದರೆ ಈ ಕಾಗದ ಬಣ್ಣ ತಿರುಗುತ್ತೆ. ಮೋಸ ಗೊತ್ತಾಗಲಿ ಅಂತಲೇ ಹೀಗೆ ತಯಾರು ಮಾಡಿರೋದು. ಏನು ಹಚ್ಚಿದೆ ಇದಕ್ಕೆ?"

ದೀಪ ಹಿಂದಕ್ಕೆ ತಿರುಗಿ ನೋಡಿದಳು. ಅವಳ ತಾಯಿ ಚೆಲುವಮ್ಮ ಮುಂದೆ ಬಂದಳು. "ಔಷ್ದಿ ಗಿಷ್ದಿ ಏನೂ ಇಲ್ಲ ಕಣವ್ವ. ಬೆಟ್ಟದಿಂದ ತಂದಿದ್ದ ಮಾದಪ್ಪನ ಧೂಳ್ತ ಇತ್ತು. ನೀರಲ್ಲಿ ಕಲಸಿ ಒಂದ್ ಬೊಟ್ಟು ಇಟ್ಟಿದ್ದೆ, ಒಳ್ಳೇದಾಗ್ಲಿ ಅಂತ."

ಶಿವಮಲ್ಲಪ್ಪ ಗಹಗಹಿಸಿ ನಕ್ಕ. "ಧೂಳ್ತ ಅಂದ್ರೆ ಬೂದಿ ಕಣಮ್ಮಿ! ಬೂದಿ ಹಚ್ಚುದ್ರೆ ಕಾಗದ ಕಂದಾಯ್ತದಾ? ನಾವೂ ದಿನಾ ಹಣೆ ತುಂಬ ಬಳ್ಕತೀವಲ್ಲ, ನಮ್ ಹಣೆ ಕಂದಾಗದಾ? ಕದ್ದಿದ್ದೂ ಅಲ್ಲದೆ ದೇವ್ರ ಮೇಲೆ ಹಾಕ್ತೀಯಾ? ಮೇಡಮ್ಮ, ಮನುಷ್ಯ ಸುಳ್ಳು ಯೋಳ್ತಾನೆ, ಕಾಗದ ಯೋಳಲ್ಲ!"

ವರಾಂಡದಲ್ಲಿ ಕಾದಿದ್ದ ಬೇರೆ ಬೇರೆ ಊರಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ಇಣುಕುತ್ತಿದ್ದರು. ದೀಪ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಬೋರ್ಡಿಗೆ ಬರೆದು ವಿಚಾರಿಸಿದರೆ ಉತ್ತರ ಬರಲು ತಿಂಗಳುಗಟ್ಟಲೆ ಬೇಕು, ಪಟ್ಟಿಯನ್ನು ಈ ವಾರವೇ ಕಳಿಸಬೇಕು ಎಂದ ಮೇಡಂ, ದೀಪಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೀಟು ಎಳೆದರು.

"ನಿಮ್ಮ ಮಗಳ ಅಂಕಪಟ್ಟಿ ಎಲ್ಲಿ? ಇದು ಬರೀ ಜೆರಾಕ್ಸು."

"ಅಸಲು ಯಳಂದೂರಲ್ಲಿ ಅದೆ ಮೇಡಮ್ಮ, ಇದು ಇಸ್ಕೂಲಿಂದ ತಂದದ್ದು. ಅವಳ ಗಂಡನ ಮನೇಲಿ. ತತ್ತೀನಿ."

"ಶುಕ್ರವಾರದೊಳಗೆ ತನ್ನಿ."

ಶಿವರಂಜನಿ ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿಟ್ಟುಕೊಂಡ ದಿನ, ಎಳೆಗೂಸನ್ನು ಸೊಂಟಕ್ಕೆ ಹಾಕಿಕೊಂಡು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದ್ದಳು. ಶಾಗ್ಯದಲ್ಲಿ ಅಪ್ಪನ ಹೊಲ ಗದ್ದೆಗೆ ಕೊರತೆ ಇರಲಿಲ್ಲ, ಅನ್ನಕ್ಕೂ ಕೊರತೆ ಇರಲಿಲ್ಲ. ಆದರೆ ಅತ್ತಿಗೆ ಬಡಿಸುವಾಗ ಸೌಟಿನ ಸದ್ದು ಜೋರಾಗಿರುತ್ತಿತ್ತು. ಈ ಕೆಲಸವೊಂದು ಸಿಕ್ಕಿದರೆ ಮಗಳು ತಲೆ ಎತ್ತಿಕೊಂಡು ಓಡಾಡುತ್ತಾಳೆ ಎಂಬುದೊಂದೇ ಶಿವಮಲ್ಲಪ್ಪನ ತಲೆಯಲ್ಲಿ ಕೊರೆಯುತ್ತಿತ್ತು.

ಬುಧವಾರ ಅವನೇ ಯಳಂದೂರಿಗೆ ಹೋದ. ಅಳಿಯ ಬಾಗಿಲಲ್ಲೇ ನಿಂತು "ಟ್ರಂಕಿನ ಬೀಗದಕೈ ಇಲ್ಲ" ಎಂದ. ಶಿವಮಲ್ಲಪ್ಪ ಬೀದಿಯಲ್ಲಿ ನಿಂತು ಅಳಿಯನ ಅಪ್ಪ ಅಜ್ಜಂದಿರನ್ನೆಲ್ಲ ಹೆಸರು ಹಿಡಿದು ಕರೆದ. ಎದುರು ಮನೆಯವರು ಆಚೆ ಬಂದರು, ಅವರ ಪಕ್ಕದವರೂ ಬಂದರು. ಬೀಗದಕೈ ಸಿಕ್ಕಿತು. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಅಂಕಪಟ್ಟಿ ಮಾಸದೆ ಮುಕ್ಕಾಗದೆ ಇತ್ತು. ಅದನ್ನು ಎದೆಗೆ ಒತ್ತಿಕೊಂಡು ಊರಿಗೆ ಬಂದ.

ಬಂದವನೇ ಸ್ನಾನ ಮಾಡಿ ದೇವರ ಕೋಣೆಗೆ ಹೋದ. ಮನೆಗೆ ಬಂದ ಯಾವ ಕಾಗದವೂ ಅವನ ಕೈಯಲ್ಲಿ ವಿಭೂತಿ ಕಾಣದೆ ಪೆಟ್ಟಿಗೆ ಸೇರಿದ್ದಿಲ್ಲ. ಜಮೀನಿನ ಕ್ರಯಪತ್ರ, ಟ್ರ್ಯಾಕ್ಟರಿನ ಆರ್‌ಸಿ ಪುಸ್ತಕ, ಕೊನೆಗೆ ರೇಷನ್ ಕಾರ್ಡು, ಎಲ್ಲದರ ಮೇಲೂ ಅವನ ಮೂರು ಬೆರಳಿನ ಗುರುತಿತ್ತು. ಮಗಳ ಅಂಕಪಟ್ಟಿ ಮಾತ್ರ ಮದುವೆಯ ಗಡಿಬಿಡಿಯಲ್ಲಿ ಅವನ ಕೈಗೆ ಬಾರದೆ ಗಂಡನ ಮನೆ ಸೇರಿತ್ತು. ಲಿಂಗಕ್ಕೆ ಅಭಿಷೇಕ ಮಾಡಿದ ನೀರಿನಲ್ಲಿ ವಿಭೂತಿ ಗಟ್ಟಿಯನ್ನು ತೇಯ್ದು, ಮಗಳ ಅಂಕಪಟ್ಟಿಯ ಮೇಲೆ ಎಡದಿಂದ ಬಲಕ್ಕೆ ಮೂರು ಬೆರಳು ಎಳೆದ. ಅಷ್ಟಕ್ಕೇ ಸಮಾಧಾನವಾಗದೆ ಇನ್ನೊಂದು ಸಲ ಒತ್ತಿ ಎಳೆದ. ಕೈ ಮುಗಿದು ಊಟಕ್ಕೆ ಎದ್ದ.

ಊಟ ಮುಗಿಸಿ ಬಂದಾಗ ಹೆಂಡತಿ ದೊಡ್ಡಬಸಮ್ಮ ದೇವರ ಕೋಣೆಯ ಬಾಗಿಲಲ್ಲಿ ಅಂಕಪಟ್ಟಿ ಹಿಡಿದು ನಿಂತಿದ್ದಳು. ಒಣಗಿದ ಬೂದಿಯನ್ನು ಸೆರಗಿನಿಂದ ಕೊಡವಿದ್ದಳು. ಅದರ ಕೆಳಗೆ ಕಾಗದದ ಉದ್ದಕ್ಕೂ ಮೂರು ಕಂದು ಪಟ್ಟೆ ಎದ್ದಿದ್ದವು.

"ಇದೇನ್ ಮಾಡುದ್ರಿ?" ಎಂದಳು.

"ನಾನೇನ್ ಮಾಡ್ದೆ! ನೀನೇನ್ ಮಾಡ್ದೆ ಯೋಳು! ಎಣ್ಣೆ ಕೈಲಿ ಮುಟ್ಟುದ್ಯಾ? ಮಜ್ಜಿಗೆ ಗಿಜ್ಜಿಗೆ ಚೆಲ್ಲುದ್ಯಾ?"

"ನಾನ್ ಯಾಕ್ ಮುಟ್ಟಾನ? ನಿಮ್ ಬೆರಳಚ್ಚೇ ಕಾಣ್ತಾ ಅದೆಯಲ್ಲ, ಇಟ್ಟು ನೋಡ್ಕಳಿ."

ಅವನು ಬೆರಳು ಇಟ್ಟು ನೋಡಿದ. ಸರಿಯಾಗಿ ಕೂತವು. ಕಾಗದವನ್ನು ಹರಿದು ಬಿಸಾಡುವಷ್ಟು ಸಿಟ್ಟು ಬಂತು. ಕಾಗದ ಮಾಡಿದವನಿಗೆ ಬೈದ, ಅಚ್ಚು ಹಾಕಿದವನಿಗೆ ಬೈದ, ವಿಭೂತಿ ಮಾರಿದವನು ಏನು ಕಲಬೆರಕೆ ಮಾಡಿದನೋ ಎಂದು ಅವನಿಗೂ ಬೈದ. ಅಷ್ಟರಲ್ಲಿ ದೊಡ್ಡಬಸಮ್ಮ ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತಂದಳು. ಬಿಳಿ ಪಂಚೆಯ ಮೇಲಿನ ಕಲೆ ಅದರಲ್ಲೇ ಹೋಗುವುದು. ಮೆಲ್ಲಗೆ ಒಂದು ಮೂಲೆಯಲ್ಲಿ ಉಜ್ಜಿದಳು. ಕಂದು ಪಟ್ಟೆಯ ಅಂಚಿನಲ್ಲಿ ನೇರಳೆ ಬಣ್ಣದ ಇನ್ನೊಂದು ಮಚ್ಚೆ ಹುಟ್ಟಿಕೊಂಡಿತು.

"ಬುಡೇ! ಬುಡೇ ಅದ! ಕೊಂದ್ಬುಟ್ಯಲ್ಲೇ!" ಎಂದು ಕೈಯಿಂದ ಕಿತ್ತುಕೊಂಡ.

ಗಲಾಟೆ ಕೇಳಿ ಶಿವರಂಜನಿ ಬಂದಳು. ಅಂಕಪಟ್ಟಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅವಳು ಅಳುತ್ತಾಳೆ ಎಂದುಕೊಂಡಿದ್ದ ಅಪ್ಪ. ಅವಳು ಅಳಲಿಲ್ಲ.

"ದೀಪಂದೂ ಇದೇ ಬಣ್ಣ ಅಲ್ವಾ ಅಪ್ಪ?" ಎಂದಳು.

ಶಿವಮಲ್ಲಪ್ಪನಿಗೆ ಮೈಯೆಲ್ಲ ಉರಿ ಹತ್ತಿತು. ಜಗಲಿಗೆ ಹೋಗಿ ಕೂತ. ಆ ಹೆಂಗಸು ಹೇಳಿದ್ದು ನಿಜ. ನಿಜವನ್ನೇ ಹೇಳಿದ್ದಳು, ಅಷ್ಟು ಜನರ ಮುಂದೆ. ತಾನು ಹಲ್ಲು ಬಿಟ್ಟು ನಕ್ಕಿದ್ದ. ಈಗ ತನ್ನ ಮಗಳ ಕಾಗದ ಮೇಡಂ ಕೈಗೆ ಹೋದರೆ ಯಾರು ನಗಬೇಕು?

ಬೆಳಿಗ್ಗೆ ಎದ್ದು ಮಾದುವಿನ ಮನೆಗೆ ಹೋದ. ಹಿಂದೆಂದೂ ಆ ಬೀದಿಯಲ್ಲಿ ಕಾಲಿಟ್ಟವನಲ್ಲ. ಚೆಲುವಮ್ಮ ಜಗಲಿಯ ಮೇಲೆ ಕೂತು ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಮಾದು ಅವನನ್ನು ಕಂಡು ಗಾಬರಿಯಿಂದ ಎದ್ದು ನಿಂತ. ಚೆಲುವಮ್ಮ ಏಳಲಿಲ್ಲ.

ಶಿವಮಲ್ಲಪ್ಪ ಕೇಳಿಕೊಳ್ಳಲು ಬಂದಿದ್ದ. ಕೇಳಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. "ಲೇ ಮಾದು, ನಿನ್ ಹೆಂಡ್ತಿ ಕರ್ಕಂಡು ನಾಳೆ ಆಫೀಸಿಗೆ ಬಾ. ಬೂದಿ ಹಚ್ಚುದ್ರೆ ಕಲೆ ಬೀಳ್ತದೆ ಅಂತ ಮೇಡಮ್ಮಂಗೆ ಯೋಳ್ಬೇಕು," ಎಂದ.

"ಯಾಕ್ ಬುದ್ಧಿ, ಏನಾಯ್ತು?"

"ಆಯ್ತು ಏನೋ! ನಮ್ ಕೂಸಿಂದೂ ಹಂಗೇ ಆಯ್ತು."

ಚೆಲುವಮ್ಮನ ಕತ್ತಿ ನಿಂತಿತು. ಅವನ ಮುಖವನ್ನೇ ನೋಡಿದಳು.

"ಯೋಳಿದ್ನಲ್ಲ ಸೋಮಾರ," ಎಂದಳು.

"ಯೋಳ್ದೆ, ಇನ್ನೊಂದ್ ಕಿತ ಯೋಳು."

"ನಾನ್ ಯಾಕ್ ಯೋಳಾನ? ನಾನ್ ಯೋಳುದ್ರೆ ಬೂದಿ, ನೀವ್ ಯೋಳುದ್ರೆ ವಿಭೂತಿ. ನನ್ ಮಗಳು ಮೂರ್ ದಿನದಿಂದ ಕೊಳಾಯಿ ತಕ್ಕೂ ಓಗಿಲ್ಲ, ಗೊತ್ತಾ ನಿಮ್ಗೆ? ಕೊಡ ಇಡಕ್ಕೆ ಹೋದ್ರೆ ಹುಡ್ಗೀರು 'ಏನಮ್ಮಿ, ಗಣಿತಕ್ ಯಾವ್ ಔಷ್ದಿ ಹಾಕ್ದೆ' ಅಂತಾವೆ. ಆ ಮಾತು ಊರಿಗೆ ತಂದೋರು ಯಾರು?"

"ಚೆಲುವಿ, ಸುಮ್ಕಿರು," ಎಂದ ಮಾದು.

"ನೀನ್ ಸುಮ್ಕಿರು! ಜಲ್ಮೆಲ್ಲ ಸುಮ್ಕೇ ಇದ್ದೀಯ!" ಎಂದು ಗಂಡನ ಮೇಲೆ ಹರಿಹಾಯ್ದು, ಶಿವಮಲ್ಲಪ್ಪನ ಕಡೆ ತಿರುಗಿದಳು. ಗಂಡನ ಹಾಗೆ ಮರ್ಯಾದೆಗೆ ಬುದ್ಧಿ ಎನ್ನಲಿಲ್ಲ. "ಎಲ್ಲಿ ನಿಂತ್ಕಂಡು ಕಳ್ಳಿ ಅಂದ್ರೋ ಅಲ್ಲೇ ನಿಂತ್ಕಂಡು ಯೋಳಿ. ನಾವ್ ಬತ್ತೀವಿ ನಾಳೆ. ನಿಮ್ ಜೊತೆಗಲ್ಲ, ನಮ್ ಬಸ್ಸಲ್ಲಿ. ನಿಮ್ ಪರವಾಗಿ ಒಂದ್ ಮಾತೂ ಆಡಕ್ಕಿಲ್ಲ. ಕೇಳುಸ್ಕಳಕ್ಕೆ ಬತ್ತೀವಿ."

ಇಷ್ಟು ಮಾತನ್ನು ಅವನಿಗೆ ಊರಲ್ಲಿ ಯಾರೂ ಆಡಿರಲಿಲ್ಲ. ಕೈ ಎತ್ತಬೇಕೆನ್ನಿಸಿತು. ಎತ್ತಲು ನ್ಯಾಯವಿರಲಿಲ್ಲ. ಟವಲು ಕೊಡವಿಕೊಂಡು ಹಿಂದಕ್ಕೆ ಬಂದ.

ಶುಕ್ರವಾರ ಆಫೀಸಿನ ಮೇಜಿನ ಮೇಲೆ ಶಿವರಂಜನಿಯ ಅಂಕಪಟ್ಟಿ ಬಿಚ್ಚಿಕೊಂಡಿತು. ಮೇಡಂ ಬೆಳಕಿಗೆ ಹಿಡಿಯಲೂ ಇಲ್ಲ. ಹಿಡಿಯದೆಯೇ ಕಾಣುತ್ತಿತ್ತು.

"ಏನ್ರೀ ಇದು ಶಿವಮಲ್ಲಪ್ಪನವರೇ?"

"ವಿಭೂತಿ ಮೇಡಮ್ಮ. ನಾನೇ ಹಚ್ಚಿದ್ದು. ಆ ಕೊನೇಲಿರೋದು ನಿಂಬೆಹಣ್ಣು. ನನ್ ಹೆಂಡ್ತಿ ಉಜ್ಜುದ್ಲು."

ಹಿಂದೆ ನಿಂತಿದ್ದ ಗುಮಾಸ್ತ ಶಂಕರ್ ತುಟಿ ಕಚ್ಚಿ ನಗು ತಡೆದ. "ಕಾಗದ ಸುಳ್ಳು ಹೇಳಲ್ಲ ಅಂತ ನೀವೇ ಅಂದಿದ್ರಿ ಸೋಮವಾರ," ಎಂದ.

"ಸುಳ್ಳು ಯೋಳಿಲ್ಲ ಕಣಯ್ಯ! ಯಾರೋ ಮುಟ್ಟವ್ರೆ ಅಂತ ಯೋಳ್ತು. ಯಾಕ್ ಮುಟ್ಟುದ್ರು ಅಂತ ಅದಕ್ಕೇನ್ ಗೊತ್ತು? ಅದನ್ನ ಕೇಳ್ಬೇಕಾದ್ದು ನಾವಲ್ವಾ?"

ಬಾಯಿಂದ ಬಂದ ಮಾತು ತನಗೇ ತಿರುಗಿ ಬಡಿದದ್ದು ಅವನಿಗೆ ಗೊತ್ತಾಯಿತು. ಬಾಗಿಲ ಕಡೆ ನೋಡಿದ. ಚೆಲುವಮ್ಮ, ದೀಪ, ಅವರ ಹಿಂದೆ ಮಾದು. ಅವರ ಹಿಂದೆ ವರಾಂಡದ ಹೆಂಗಸರು.

ಮೇಡಂ ಪೆನ್ನು ಕೆಳಗಿಟ್ಟರು. "ನೋಡಿ, ನನ್ನ ಮುಂದೆ ಎರಡು ದಾರಿ ಇದೆ. ಈ ಕಲೆ ತಿದ್ದಿದ್ದು ಅಂತ ಬರೆದರೆ ನಿಮ್ಮ ಮಗಳ ಹೆಸರೂ ಹೋಗುತ್ತೆ, ಕೆಲಸ ಮೂರನೆಯವರಿಗೆ. ಬೂದಿ ಬಿದ್ದದ್ದು, ಅಂಕಕ್ಕೆ ಕೈ ಹಾಕಿಲ್ಲ ಅಂತ ಒಪ್ಪಿಕೊಂಡರೆ ನಿಮಗೊಂದು ನ್ಯಾಯ ಅವರಿಗೊಂದು ನ್ಯಾಯ ಮಾಡೋಕೆ ನನಗಾಗಲ್ಲ. ದೀಪಾದೂ ಬೂದೀನೇ. ಅವಳಿಗೇ ಅಂಕ ಹೆಚ್ಚು. ಒಪ್ಪಿಕೊಳ್ಳಬೇಕಾದರೆ ನೀವು ಬರೆದುಕೊಡಬೇಕು. ಸೋಮವಾರ ದೂರು ಹೇಳಿದವರು ನೀವೇ ಅಲ್ವಾ?"

ಹೇಗೆ ಲೆಕ್ಕ ಹಾಕಿದರೂ ಕೆಲಸ ಮಗಳಿಗಿಲ್ಲ. ಶಿವಮಲ್ಲಪ್ಪನ ಕತ್ತಿನ ನರ ಉಬ್ಬಿತು. ಯಳಂದೂರಿನ ಬೀದಿಯಲ್ಲಿ ನಿಂತು ಕಿತ್ತುಕೊಂಡು ಬಂದ ಕಾಗದವದು. ಅದನ್ನು ಕೆಡಿಸಿದ್ದು ತನ್ನದೇ ಕೈ. ಮೂರನೆಯವಳಿಗಾದರೂ ಹೋಗಲಿ, ಈ ಚೆಲುವಮ್ಮನ ಮುಂದೆ ತಲೆ ತಗ್ಗಿಸುವುದೇಕೆ ಎಂದು ಒಂದು ಗಳಿಗೆ ಮನಸ್ಸು ವಾಲಿತು.

"ಅಪ್ಪ," ಎಂದಳು ಶಿವರಂಜನಿ, ಮೆಲ್ಲಗಲ್ಲ. "ಗಂಡ ಬುಟ್ಟೋಳು ಅಂತ ಒಂದು ಹೆಸರದೆ ನಂಗೆ. ಕಳ್ಳಿ ಅಂತ ಇನ್ನೊಂದು ಬ್ಯಾಡ. ಬರ್ಕೊಡು."

ಅವನು ಶಂಕರ್ ಕೈಯಿಂದ ಪೆನ್ನು ಕಿತ್ತುಕೊಂಡ. ಊರ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ, ಹಾಳೆ ತೂತು ಬೀಳುವಂತೆ ಒತ್ತಿ ಬರೆದ. ತನ್ನ ಮಗಳ ಅಂಕಪಟ್ಟಿಯ ಕಲೆ ವಿಭೂತಿಯದೆಂದು, ಮಾದುವಿನ ಮಗಳ ಅಂಕಪಟ್ಟಿಯ ಕಲೆಯೂ ಅಂಥದೇ ಎಂದು, ತಾನು ತಿಳಿಯದೆ ದೂರು ಹೇಳಿದೆನೆಂದು ಬರೆದು ಸಹಿ ಹಾಕಿದ. ಮೇಡಂ ಓದಿಕೊಂಡು, ದೀಪಳ ಹೆಸರಿನ ಮುಂದಿನ ಪೆನ್ಸಿಲ್ ಗೀಟನ್ನು ರಬ್ಬರಿನಿಂದ ಉಜ್ಜಿದರು.

"ಆಯ್ತಲ್ಲ?" ಎಂದ ಶಿವಮಲ್ಲಪ್ಪ ಚೆಲುವಮ್ಮನಿಗೆ.

"ಎಲ್ಲಿ ಆಯ್ತು? ಬರ್ದದ್ದು ಬೀರು ಒಳಕ್ಕೋಯ್ತದೆ. ಕೂಗಿದ್ದು ಊರೆಲ್ಲ ಓಯ್ತು."

ಅವನಿಗೆ ಅರ್ಥವಾಯಿತು. ಜನರನ್ನು ಸರಿಸಿಕೊಂಡು ವರಾಂಡಕ್ಕೆ ಹೋದ, ಮೆಟ್ಟಿಲ ತುದಿಯಲ್ಲಿ ನಿಂತ.

"ಕೇಳ್ರಪ್ಪ, ಕೇಳ್ರಮ್ಮ ಎಲ್ರೂ! ಸೋಮಾರ ಇಲ್ಲೇ ನಿಂತ್ಕಂಡು ಶಾಗ್ಯದ ಮಾದು ಮಗಳ್ನ ಕಳ್ಳಿ ಅಂದೆ! ಅವ್ಳು ಕದ್ದಿಲ್ಲ! ತಿದ್ದಿಲ್ಲ! ನಾನ್ ಅಂದದ್ದು ಸುಳ್ಳು! ಇನ್ ಯಾವಳಾದ್ರೂ ಕೊಳಾಯಿ ತಾವ ಆ ಮಾತೆತ್ತುದ್ರೆ ನನ್ ತಾವ ಬರ್ಲಿ, ನಾನ್ ಮಾತಾಡ್ತೀನಿ!"

ಅದು ತಪ್ಪೊಪ್ಪಿಗೆಯೋ ಬೆದರಿಕೆಯೋ ಕೇಳಿದವರಿಗೆ ತಿಳಿಯಲಿಲ್ಲ. ರಸ್ತೆಯಾಚೆ ಟೀ ಅಂಗಡಿಯವನು ಲೋಟ ಹಿಡಿದೇ ನಿಂತು ನೋಡಿದ. ದೀಪ ಮುಖದ ಸೆರಗು ತೆಗೆದಳು. ಚೆಲುವಮ್ಮ ಮಗಳ ರಟ್ಟೆ ಹಿಡಿದು ಸಹಿ ಮಾಡಿಸಲು ಒಳಕ್ಕೆ ಕರೆದುಕೊಂಡು ಹೋದಳು.

ಶಿವರಂಜನಿ ಮೇಜಿನಿಂದ ತನ್ನ ಅಂಕಪಟ್ಟಿ ತೆಗೆದುಕೊಂಡು ಹೊರಗೆ ಬಂದಳು. ಶಿವಮಲ್ಲಪ್ಪ ಅಭ್ಯಾಸದಂತೆ ಕೈ ಚಾಚಿದ, ತನ್ನ ಚೀಲದಲ್ಲಿ ಇಟ್ಟುಕೊಳ್ಳಲು.

"ಬ್ಯಾಡ," ಎಂದಳು ಅವಳು. "ಇನ್ಮೇಲೆ ನನ್ ಕಾಗದ ನಾನೇ ಇಟ್ಕತೀನಿ. ಬೋರ್ಡಿಗೆ ನಾನೇ ಬರದು ಹೊಸಾದು ತರುಸ್ಕತೀನಿ. ನೀನ್ ಮುಟ್ಬ್ಯಾಡ ಕಣಪ್ಪ."

"ನಾನ್ ಒಳ್ಳೇದಾಗ್ಲಿ ಅಂತ ತಾನೆ ಕೂಸು—"

"ಚೆಲುವಮ್ಮನೂ ಅದನ್ನೇ ಅಂದದ್ದು," ಎಂದು ಅವಳು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು. ಅವನು ಗೊಣಗುತ್ತ, ಟವಲಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತ, ಅವಳ ಹಿಂದೆ ಹೆಜ್ಜೆ ಹಾಕಿದ.