ಕಡಿದ ಕೂಡುಗೆರೆ

ಉಸಿರು ಹಿಡಿದು ಕೆಲಸ ಮಾಡುವವರನ್ನು ನೋಡಿದ್ದೇನೆ. ಕಚೇರಿಯವರೆಲ್ಲ ಗೆರೆ ಮಾವ ಎಂದು ಕರೆಯುತ್ತಿದ್ದ ಅವರ ಹಾಗೆ ಹಿಡಿದವರನ್ನು ನೋಡಿಲ್ಲ. ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಸ್ವರಲಿಪಿ ಮುದ್ರಿಸುವ ಆ ಕಚೇರಿಯಲ್ಲಿ, ಮೊಣಕೈ ಸವೆದ ಕಂದು ಕೋಟಿನೊಳಗೆ ಕುಗ್ಗಿ ಕುಳಿತು, ಮೌಸ್ ಒತ್ತುವ ಮುನ್ನ ಉಸಿರು ಕಟ್ಟುತ್ತಿದ್ದರು. ಪರದೆಯ ಮೇಲೆ ಗೆರೆ ಸರಿಯಾಗಿ ಕೂತ ಮೇಲೆ, ನೀರಿನಿಂದ ಮೇಲೆದ್ದವರಂತೆ, ಬಿಡುತ್ತಿದ್ದರು. ಕೈಯಲ್ಲಿ ಬರೆಯುತ್ತಿದ್ದ ಕಾಲದ ಅಭ್ಯಾಸ. ಕೋಟಿನ ಜೇಬಿನಲ್ಲಿ ಈಗಲೂ ರಬ್ಬರ್ ಇತ್ತು. ಕಂಪ್ಯೂಟರಿಗೆ ಅದೇಕೆ ಎಂದು ಕೇಳಿದರೆ, "ಇರ್ಲಿ, ಧೈರ್ಯಕ್ಕೆ" ಎಂದರು.

ಆ ಕಚೇರಿಯ ಬಗ್ಗೆ ಬರೆಯಲು ನಾನು ಅಲ್ಲಿಗೆ ಹೋಗಿದ್ದ ವಾರ ಮಾವನ ಮುಂದಿದ್ದದ್ದು ಅವರ ತಂಗಿಯ ಹಸ್ತಪ್ರತಿ. ಕೊಳಲು ನುಡಿಸುತ್ತಿದ್ದ ಅವಳು, ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ ರಚಿಸಿದ ಕೃತಿ. ಅದು ಅಚ್ಚಾದದ್ದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವಳ ಆಸೆ. ಚಿಕ್ಕ ಸ್ವರಗಳ ಕಡ್ಡಿಗಳನ್ನು ಗುಂಪುಗುಂಪಾಗಿ ಜೋಡಿಸುವ ದಪ್ಪ ಅಡ್ಡಗೆರೆಗೆ ಅಲ್ಲಿ ಕೂಡುಗೆರೆ ಎನ್ನುತ್ತಿದ್ದರು. ತಂಗಿ ಅದನ್ನು ಎಲ್ಲೆಂದರಲ್ಲಿ ಕಡಿದಿದ್ದಳು. ಅಣ್ಣ ಹಾಗೆಯೇ ಕಡಿದಿಟ್ಟರೆ, ಕಡತವನ್ನು ಮತ್ತೆ ತೆರೆದಾಗ ತಂತ್ರಾಂಶ ತಾಳಕ್ಕೆ ತಕ್ಕಂತೆ ಎಲ್ಲವನ್ನೂ ಬೆಸೆದಿರುತ್ತಿತ್ತು.

"ಯಾಕೆ ಮಾವ ಅದರ ಜೊತೆ ಜಗಳ? ಗೆರೆ ಏನು ಕಿವಿಗೆ ಕೇಳಿಸುತ್ತಾ?" ಪಕ್ಕದ ಮೇಜಿನವಳು ರೇಗಿಸಿದಳು.

"ಕಡಿದ ಕಡೆ ನುಡಿಸೋರು ಉಸಿರು ತಗೋತಾರೆ ಕಣಮ್ಮ. ಅವಳ ಉಸಿರು ಅವಳಿಗೇ ಗೊತ್ತು."

ಕೊನೆಗೂ ದೋಷ ಸಿಕ್ಕಿತು: ತಾಳ ನಮೂದಿಸುವಲ್ಲಿ 'ತಾನಾಗಿ ಜೋಡಿಸು' ಎಂಬ ಆಯ್ಕೆ ಹಾಗೇ ಉಳಿದುಬಿಟ್ಟಿತ್ತು. ಅದನ್ನು ತೆಗೆದು, ಗೆರೆಗಳನ್ನೆಲ್ಲ ಹಸ್ತಪ್ರತಿಯಂತೆಯೇ ಕಡಿದು, ಕರಡು ಪುಟಗಳನ್ನು ಎದೆಗವಚಿಕೊಂಡು ಆಸ್ಪತ್ರೆಗೆ ನಡೆದರು. ಜೊತೆಗೆ ನಾನೂ ಹೋದೆ.

ತಂಗಿ ಬೆರಳಿಟ್ಟು ಓದಿದಳು. ನಕ್ಕಳು, ನಗು ಕೆಮ್ಮಾಯಿತು.

"ಅಯ್ಯೋ ಅಣ್ಣ, ಇಲ್ಲೆಲ್ಲ ಕೆಮ್ಮು ಬಂದು ಪೆನ್ನು ಎತ್ತಿದ್ದೆ, ಅಷ್ಟೇ. ಸೇರಿಸ್ಬಿಡು. ನುಡಿಸೋರಿಗೆ ನನ್ನ ಕಾಯಿಲೆ ಯಾಕೆ?"

ಕಚೇರಿಗೆ ಮರಳಿ ಆ ಆಯ್ಕೆಯನ್ನು ಮತ್ತೆ ಒತ್ತಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಮಾವ ಒತ್ತಲಿಲ್ಲ. ಯಂತ್ರಕ್ಕೆ ಅವಳನ್ನು ಒಪ್ಪಿಸಲು ಮನಸ್ಸಾಗದವರಂತೆ, ಒಂದೊಂದೇ ಗೆರೆಯನ್ನು ಉಸಿರು ಹಿಡಿದು ಕೈಯಾರೆ ಸೇರಿಸುತ್ತ ಕೂತರು. ಕೊನೆಯ ಪುಟದಲ್ಲಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು.

ಅಚ್ಚಾದ ಪ್ರತಿ ನನ್ನ ಬಳಿ ಇದೆ. ಕೊನೆಯ ಸಾಲಿನಲ್ಲಿ ಒಂದು ಗೆರೆ ಕಡಿದೇ ಇದೆ. ಮರೆತದ್ದಿರಲಾರದು. ಇನ್ನೊಬ್ಬರು ಬರೆದದ್ದನ್ನು ಚೊಕ್ಕಟವಾಗಿ ಪ್ರತಿ ಮಾಡುವವರ ಜಾತಿಯೇ ಅಂಥದ್ದು: ಬರೆದವರ ಮಾತನ್ನೂ ಬರೆದ ಕೈಯನ್ನೂ ಒಟ್ಟಿಗೆ ಉಳಿಸಲಾಗದ ದಿನ, ಮಾತನ್ನು ನಡೆಸಿಕೊಟ್ಟು, ಎಲ್ಲೋ ಒಂದು ಮೂಲೆಯಲ್ಲಿ ಕೈಯನ್ನು ತಮಗಾಗಿ ಇಟ್ಟುಕೊಳ್ಳುತ್ತಾರೆ.