ನೆವ್ ಹೇಳಿ ಕಳಿಸಿದ ಮಾತು

ನಮ್ಮ ಕೋಚ್ ನೆವ್ ಶುಲ್ಟ್ಸ್ ಗೋಧಿ ಬೆಳೆಯುವವನು, ಆದರೆ ಬಾಯಿ ತುಂಬ ಮುಳ್ಳು. ಚೆಂಡನ್ನು ಕೈಯಲ್ಲಿ ಹಿಡಿದು ಕಾಲಲ್ಲಿ ಒದೆಯುವ ನಮ್ಮ ಕಡೆಯ ಫುಟ್‌ಬಾಲ್ ನಡೆಯುವಾಗ ಕೋಚ್ ಮೈದಾನಕ್ಕೆ ಇಳಿಯುವಂತಿಲ್ಲ. ಕ್ಲಬ್ ಕಟ್ಟಡದ ಮೇಲಿನ ಗೂಡಿನಲ್ಲಿ ಕೂತು ಫೋನಿನಲ್ಲಿ ಕೂಗುತ್ತಾನೆ. ಗೆರೆಯ ಬಳಿ ನಿಂತ ರನ್ನರ್ ಅದನ್ನು ಕೇಳಿಸಿಕೊಂಡು, ಓಡಿಹೋಗಿ ಆಟಗಾರ್ತಿಯ ಕಿವಿಗೆ ಹಾಕಿ ಬರಬೇಕು. ನಮ್ಮ ಹೆಂಗಸರ ತಂಡಕ್ಕೆ ಆ ರನ್ನರ್ ನಾನು, ಜಾನೀನ್. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತೇನೆ, ಶನಿವಾರ ನಾನೇ ಓಡುತ್ತೇನೆ.

ಬ್ರಿಯೋನಿ ಹದಿನಾರರ ಪ್ರಾಯಕ್ಕೆ ತಂಡಕ್ಕೆ ಬಂದಳು. ಚೆಂಡು ಎಷ್ಟೇ ಎತ್ತರದಲ್ಲಿರಲಿ, ನಾಲ್ಕು ಜನರ ತಲೆಯ ಮೇಲಿಂದ ಹಾರಿ ಹಿಡಿಯುತ್ತಿದ್ದಳು. ಆದರೆ ಒಂದು ಗಟ್ಟಿ ಮಾತು ಬಿದ್ದರೆ ಅಲ್ಲೇ ಮುದುಡಿಕೊಳ್ಳುತ್ತಿದ್ದಳು. ಮೊದಲ ಪಂದ್ಯದಲ್ಲಿ ಗೋಲು ಎದುರಿಗೇ ಇದ್ದರೂ ಒದ್ದದ್ದು ತಪ್ಪಿತು.

"ಆ ಹುಡುಗಿಗೆ ಪಾದ ಹಿಂದುಮುಂದಾಗಿ ಜೋಡಿಸಿದಾರಾ ಕೇಳ್ಕೊಂಡ್ ಬಾ" ಅಂತ ನೆವ್ ಫೋನಿನಲ್ಲಿ ಅರಚಿದ.

ನಾನು ಓಡಿಹೋಗಿ, "ಗಾಳಿ ಲೆಕ್ಕ ತನ್ನದೇ ತಪ್ಪಿದ್ದು ಅಂತಿದಾನೆ ನೆವ್. ಮುಂದಿನ ಚೆಂಡೂ ನಿಂದೇ ಅಂತೆ" ಅಂದೆ. ಮುಂದಿನ ಚೆಂಡು ಗೋಲಾಯಿತು. ಮೈದಾನದ ಸುತ್ತ ನಿಂತಿದ್ದ ಕಾರುಗಳೆಲ್ಲ ಹಾರನ್ ಹೊಡೆದವು.

ಅಲ್ಲಿಂದ ನನಗೆ ಚಟ ಹತ್ತಿತು. ಎಲ್ಲಿ ನಿಲ್ಲಬೇಕು, ಯಾರ ಬೆನ್ನು ಹತ್ತಬೇಕು ಅನ್ನುವುದರಲ್ಲಿ ನೆವ್ ಎತ್ತಿದ ಕೈ. ಅದನ್ನು ಇದ್ದ ಹಾಗೇ ಒಯ್ಯುತ್ತಿದ್ದೆ, ಬೈಗುಳವನ್ನು ಮಾತ್ರ ದಾರಿಯಲ್ಲೇ ಚೆಲ್ಲಿ ಅದರ ಜಾಗದಲ್ಲಿ ಶಹಬ್ಬಾಸ್ ಇಡುತ್ತಿದ್ದೆ. ವಿರಾಮದಲ್ಲಿ ಅವನು ತಣ್ಣಗಾಗಿ ಬರೀ ಆಟದ ಮಾತಾಡುತ್ತಿದ್ದ, ಹಾಗಾಗಿ ನನ್ನ ಗುಟ್ಟು ರಟ್ಟಾಗಲಿಲ್ಲ. "ಬೈದ್ರೇ ಬಗ್ಗೋದು, ನೋಡ್ದಾ?" ಅಂತ ಅವನು ನನ್ನ ಮುಂದೆ ಬೀಗಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಭಾರೀ ಜಾಣೆ ನಾನು.

ಈ ವರ್ಷ ಮೆಲ್ಬರ್ನ್‌ನ ದೊಡ್ಡ ಕ್ಲಬ್ಬೊಂದು ಬ್ರಿಯೋನಿಯನ್ನು ಆರಿಸಿಕೊಂಡಿತು. ಹೋದ ಭಾನುವಾರ ಆ ಕ್ಲಬ್ಬಿನ ಫಿಲಿಪ್ಪಾ ಅನ್ನುವಾಕೆ ಅವಳ ಜೊತೆ ನಮ್ಮಲ್ಲಿಗೆ ಬಂದಳು. ಅವರ ಕಿರಿಯ ಆಟಗಾರ್ತಿಯರಿಗೆ ಕೋಚ್ ಬೇಕಂತೆ, ನೆವ್ ಬರುತ್ತಾನಾ ಅಂತ ಕೇಳಿದಳು. ಅರ್ಧ ಆಯುಷ್ಯ ಇದೇ ಕರೆಗೆ ಕಾದಿದ್ದವನು ನೆವ್.

"ನಿಮ್ಮನ್ನೇ ಯಾಕೆ ಅಂದ್ರೆ," ಅಂದಳು ಫಿಲಿಪ್ಪಾ, "ತಪ್ಪಿದಾಗ ನೀವು ಒಂದಿನಾನೂ ಬೈದಿಲ್ವಂತೆ. ಇವಳು ಹೇಳಿದ್ಲು."

"ಗಾಳಿ ಲೆಕ್ಕ ನಂದೇ ತಪ್ಪಿದ್ದು ಅಂತ ಹೇಳ್ಕಳ್ಸಿದ್ರಲ್ಲ," ಅಂದಳು ಬ್ರಿಯೋನಿ ನೆವ್‌ಗೆ. "ಅವತ್ತು ಬೈದಿದ್ರೆ ಬೂಟು ಬಿಚ್ಚಿಟ್ಟು ಮನೆಗೆ ಹೋಗ್ಬಿಡ್ತಿದ್ದೆ. ಮತ್ತೆ ಈ ಕಡೆ ತಲೆ ಹಾಕ್ತಿರಲಿಲ್ಲ."

ನೆವ್ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೌದು ಅಂದುಬಿಡು ಮಾರಾಯ, ಕೆಲಸ ನಿನ್ನದು, ಯಾರಿಗೇನು ನಷ್ಟ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಆ ಮಾತು ನಂದಲ್ಲ," ಅಂದ ನೆವ್. ತಾನು ಅಂದಿದ್ದ ಪಾದದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ನಾಚಿಕೆಯಿಂದ ಅವನ ಕತ್ತು ಕೆಂಪಗಾಗಿತ್ತು. "ನಾನು ಬೈದಿದ್ದಷ್ಟೇ. ಬೆಳೆಸಿದ್ದು ಈ ಜಾನೀನ್. ನನ್ನನ್ನ ಕರ್ಕೊಂಡು ಹೋದ್ರೆ ನಿಮ್ಮ ಹುಡುಗೀರು ಅಳ್ತಾರೆ."

ಬ್ರಿಯೋನಿ ಬಿಳಿಚಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು. "ಚೆನ್ನಾಗಾಡ್ದೆ ಅಂತ ಹೇಳ್ಕಳ್ಸ್ತಿದ್ರಲ್ಲ? ಅದೂನಾ?"

ಹೌದು ಅಂತ ತಲೆ ತಗ್ಗಿಸಿದೆ.

ನೆವ್ ನನ್ನ ಪಕ್ಕಕ್ಕೆ ಬಂದ. ಹುಡುಗಿ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದಳು, ಆದರೂ ಹುಟ್ಟುಗುಣ, ನನ್ನ ಕಿವಿಯಲ್ಲೇ ಗೊಣಗಿದ. "ನಾನು ನೋಡಿದೋರಲ್ಲಿ ಇವಳಷ್ಟು ಚೆನ್ನಾಗಿ ಆಡಿದೋರು ಯಾರೂ ಇಲ್ಲ. ಹೇಳು ಅವಳಿಗೆ."

"ನೀನೇ ಹೇಳೋ."

ಅವನು ಬಾಯಿ ತೆರೆದ. ಬೈಯುವುದಕ್ಕೆ ಎಂದೂ ತಡವರಿಸದ ಬಾಯಿಂದ ಮಾತೇ ಹೊರಡಲಿಲ್ಲ. ಕೊನೆಗೆ ನಾನೇ ಬ್ರಿಯೋನಿಯ ಹತ್ತಿರ ಹೋಗಿ, ಒಂದಕ್ಷರ ಬದಲಿಸದೆ ಹೇಳಿದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಸಿಟ್ಟು ಮಾಡಲಿಲ್ಲ.

"ನೀವು ತುಂಬಾ ಒಳ್ಳೇವ್ರು ಜಾನೀನ್," ಅಂದಳು ಬ್ಯಾಗು ಹೆಗಲಿಗೇರಿಸುತ್ತ. "ಇದೂ ನಿಮ್ಮದೇ ಮಾತು ಅಲ್ವಾ?"